ಒಂದು ಸೋರೆಬುರುಡೆ ನೀರು

"ಮೂರು ಸೀಟಿಗೆ ಎಷ್ಟು ಖಾತೆ ಕೇಳ್ತೀಯ ಅಬುತಿ? ಬೇಗ ಹೇಳು!"

ಲಿಂಪೊ ಮೇಜಿನ ಮೇಲೆ ಪೆನ್ನು ಕುಟ್ಟಿದಳು. ರಾಜಧಾನಿ ಮಸೇರುವಿನ ಆ ಕಾಲೇಜಿನ ಅಣಕು ಸಂಸತ್ತಿನಲ್ಲಿ ಅರವತ್ತು ಸೀಟು. ಅವಳ ಪಕ್ಷಕ್ಕೆ ಬಂದದ್ದು ಇಪ್ಪತ್ತೆಂಟು. ಮಧ್ಯಾಹ್ನ ಎರಡು ಗಂಟೆಯೊಳಗೆ ಮೂವತ್ತೊಂದು ತೋರಿಸದಿದ್ದರೆ ಪ್ರಧಾನಿ ಪಟ್ಟ ಕೈತಪ್ಪುತ್ತಿತ್ತು. ಬೇಕಾದ ಆ ಮೂರು ಎದುರಿಗಿದ್ದ ಪುಟ್ಟ ಪಕ್ಷದ ನಾಯಕ ಸಿಯಬಾಟನ ಕೈಯಲ್ಲಿದ್ದವು. ಆ ಊರಿನ ವಾಡಿಕೆಯಂತೆ ಅವಳು ಅವನನ್ನು ಮರ್ಯಾದೆಗೆ ಅಬುತಿ ಎನ್ನುತ್ತಿದ್ದಳು, ಅವನು ಅವಳನ್ನು ಆವುಸಿ.

ವರ್ಷವಿಡೀ ಚರ್ಚೆಯಲ್ಲಿ ಅವಳ ಬೆವರಿಳಿಸಿದವನು ಇವತ್ತು ತಲೆಯನ್ನೇ ಎತ್ತಲಿಲ್ಲ.

"ಹೆಚ್ಚೇನೂ ಬೇಡ ಆವುಸಿ... ಒಂದು ಸೋರೆಬುರುಡೆ ನೀರು ಸಿಕ್ಕರೆ ಸಾಕು."

'ಇವನಿಗೂ ಜಲ ಖಾತೆಯೇ ಬೇಕೆ! ಈ ದೇಶದಲ್ಲಿ ಎಲ್ಲರ ಕಣ್ಣೂ ನೀರಿನ ಮೇಲೆಯೇ!'

"ಅದನ್ನ ಬೆಳಿಗ್ಗೇನೇ ಬೇರೆಯವರಿಗೆ ಮಾತು ಕೊಟ್ಟಾಯ್ತು. ತಡವಾಗಿ ಬಂದೆ!" ಎಂದು ನಕ್ಕಳು.

ಅವನ ಮುಖ ಬಾಡಿತು. "ಮಾತು ಕೊಟ್ಟಾಯ್ತಾ... ಸರಿ. ಒಳ್ಳೇದಾಗಲಿ." ಎದ್ದು ಹೋಗಿಯೇಬಿಟ್ಟ.

ಪಕ್ಕದಲ್ಲಿ ಮಂತ್ರಿಗಳ ಪಟ್ಟಿ ಬರೆಯುತ್ತಿದ್ದ ಗೆಳತಿ ಕೆನೆವೆ ಹಣೆ ಚಚ್ಚಿಕೊಂಡಳು. "ಅಯ್ಯೋ ದಡ್ಡಿ! ಸೋರೆಬುರುಡೆ ನೀರು ಬೇಕು ಅಂತ ನಿಮ್ಮಕ್ಕನ ಮದುವೆಗೆ ಮುಂಚೆ ಮನೆಗೆ ಬಂದಿದ್ದು ಯಾರು?"

"ಹೆಣ್ಣು ಕೇಳೋಕೆ... ಗಂಡಿನ ಕಡೆ ಹಿರಿಯರು..."

ಲಿಂಪೊ ಅವನು ಹೋದ ಬಾಗಿಲ ಕಡೆ ತಿರುಗಿದಳು. ಆ ಮಾತನ್ನು ಹುಡುಗ ತಾನೇ ಬಾಯಿಬಿಟ್ಟು ಆಡುವ ಪದ್ಧತಿಯೇ ಇಲ್ಲವಲ್ಲ!

"ಮೂರು ಮತ ಹೋಯ್ತು ಬಿಡು," ಎಂದಳು ಕೆನೆವೆ.

ಮತ ಯಾರಿಗೆ ಬೇಕಿತ್ತು ಈಗ...

ಎರಡು ಗಂಟೆಗೆ ಸಭಾಧ್ಯಕ್ಷರು ಬೆಂಬಲ ಕೇಳಿದಾಗ ಸಿಯಬಾಟ ಎದ್ದು ನಿಂತ.

"ನಮ್ಮ ಮೂರೂ ಮತ ಲಿಂಪೊಗೆ. ಖಾತೆ ಬೇಡ. ವರ್ಷಪೂರ್ತಿ ಅವಳ ಜೊತೆ ಜಗಳ ಆಡಿದ್ದೀನಿ. ಗೆಲ್ಲೋಕೆ ಅಂತ ಒಂದು ದಿನಾನೂ ಅವಳು ಸುಳ್ಳು ಹೇಳಿಲ್ಲ. ಪ್ರಧಾನಿ ಆಗೋರು ಹಾಗಿರ್ಬೇಕು."

ಸಭೆ ಮೇಜು ಗುದ್ದಿತು. ಲಿಂಪೊಳ ಕಣ್ಣು ತುಂಬಿತು. 'ಮನಸ್ಸು ಮುರಿದ ಮೇಲೂ ಇವನ ನ್ಯಾಯ ಮುರಿಯಲಿಲ್ಲ... ಎಂಥ ಮನುಷ್ಯ ಇವನು!'

ಸಭೆ ಮುಗಿದದ್ದೇ ತಡ, ಮೊಗಸಾಲೆಯಲ್ಲಿ ಓಡಿಬಂದು ಅವನನ್ನು ತಡೆದಳು.

"ನಿಲ್ಲು ಅಬುತಿ! ಮಾತು ಕೊಟ್ಟಿದ್ದು ಜಲ ಖಾತೆನ... ನನ್ನನ್ನಲ್ಲ!"

ಸಿಯಬಾಟ ಕಣ್ಣು ಪಿಳಿಪಿಳಿ ಬಿಟ್ಟ. ಆಮೇಲೆ ಅರ್ಥವಾಗಿ ಜೋರಾಗಿ ನಕ್ಕ.

"ಹಾಗಾದ್ರೆ ದೊಡ್ಡಪ್ಪನ್ನ ಕಳಿಸಲಾ? ನಿಮ್ಮಪ್ಪ ಒಪ್ತಾರಾ?"

"ಅಪ್ಪ ವಿರೋಧ ಪಕ್ಷ. ಮನೇಲಿ ಸರ್ಕಾರ ಅಮ್ಮಂದು. ಮೊದಲು ಅವಳನ್ನ ಒಪ್ಪಿಸೋಕೆ ಹೇಳು."

"ಮತ್ತೆ... ನೀನು?"

ಲಿಂಪೊ ನೆಲ ನೋಡಿದಳು.

"ನಾನು ಆಗಲೇ ಪಕ್ಷ ಬಿಟ್ಟು ನಿನ್ನ ಕಡೆ ಬಂದಾಯ್ತಲ್ಲ..."