ಬೇಕರಿಯವನ ರಕ್ತ

ಬೊಜ್ಜು ಮತ್ತು ಸಕ್ಕರೆ ಕಾಯಿಲೆಯ ಬಗ್ಗೆ ಆ ಸಂಶೋಧಕ ಬರೆದ ಪ್ರಬಂಧವನ್ನು ಓದದ ವೈದ್ಯರು ಇಡೀ ಭೂಮಂಡಲದಲ್ಲಿ ಇಬ್ಬರೋ ಮೂವರೋ ಇದ್ದರು. ಅವರಿಗೋ ಕಣ್ಣು ಕಾಣಿಸುತ್ತಿರಲಿಲ್ಲ. ಅಂಥ ಪ್ರಬಂಧದ ಮೇಲೆ ಅನುಮಾನ! ಅದೂ ಯಾರಿಗೆ? ಒಂದು ಕಾಲದಲ್ಲಿ ಅವನ ಪ್ರಯೋಗಾಲಯದಲ್ಲಿ ಗಾಜಿನ ನಳಿಕೆ ತೊಳೆಯುತ್ತಿದ್ದು, ಈಗ ತನಿಖೆಯ ಅಧಿಕಾರ ಹೊತ್ತ ವೈದ್ಯೆಗೆ. "ಸರ್, ನಿಮ್ಮ ಬೇಕರಿಯವರ ರಕ್ತ ನಾನೇ ಒಂದ್ಸಲ ನೋಡ್ಬೇಕು. ಸುಮ್ನೆ ಶಾಸ್ತ್ರಕ್ಕೆ," ಎಂದು ಫೋನಿನಲ್ಲಿ ನಕ್ಕಳು. ಆ ನಗುವಿಗೆ ಸಂಶೋಧಕನ ಎದೆ ಹೊಡೆದುಕೊಂಡ ರಭಸಕ್ಕೆ ಮೇಜಿನ ಮೇಲಿದ್ದ ಪೆನ್ನು ಉರುಳಿ ಬಿತ್ತು.

ಪ್ರಬಂಧ ನಿಂತಿದ್ದೇ ಬೇಕರಿಯವನೆಂಬ ಒಬ್ಬ ರೋಗಿಯ ಮೇಲೆ. ಅವನು ಹತ್ತಿದರೆ ತೂಕದ ಯಂತ್ರ ಅಯ್ಯೋ ಎನ್ನುತ್ತಿದ್ದ ಕಾಲವಿತ್ತು. ಸಂಶೋಧಕನ ಪಥ್ಯದಿಂದ ಅರ್ಧ ಮನುಷ್ಯ ಕರಗಿಹೋದ, ಸಕ್ಕರೆ ಕಾಯಿಲೆ ಹೇಳಹೆಸರಿಲ್ಲದಂತಾಯಿತು. 'ಇದು ಮರಳಿ ಬರದು' ಎಂದು ಪ್ರಬಂಧದ ಕೊನೆಯಲ್ಲಿ ಎದೆತಟ್ಟಿ ಬರೆದಾಗಿತ್ತು. ಬಂದಿದೆ ಎಂದು ತಿಳಿದರೆ ಪ್ರಬಂಧ ವಾಪಸು, ಕೈಗೆ ಬರಲಿದ್ದ ನಿರ್ದೇಶಕನ ಕುರ್ಚಿಯೂ ಹೋಯಿತು.

ಬಂದೇ ಇದೆ ಎಂದು ಸಂಶೋಧಕನಿಗೆ ಖಾತ್ರಿಯಿತ್ತು. ಎದುರು ಫುಟ್‌ಪಾತಿನಲ್ಲಿ ನಿಂತು ಬೇಕರಿಯ ಕಿಟಕಿಯೊಳಗೆ ಇಣುಕಿದ್ದ. ಬೇಕರಿಯವನು ಕೇಕಿನ ಕೆನೆಯನ್ನು ಚಮಚ ತುಂಬ ಬಾಯಿಗಿಟ್ಟುಕೊಂಡ. ಮತ್ತೊಂದು ಚಮಚ. ಅಷ್ಟು ಸಾಕಾಯಿತು. ಸಂಶೋಧಕ ಅಲ್ಲಿಂದ ಕಾಲಿಗೆ ಬುದ್ಧಿ ಹೇಳಿದ.

ಉಪಾಯ ಹೊಳೆದಾಗ ತನ್ನ ಬೆನ್ನನ್ನು ತಾನೇ ತಟ್ಟಿಕೊಂಡ. ಬೇಕರಿಯವನ ರಕ್ತದ ಜಾಗದಲ್ಲಿ ತನ್ನ ರಕ್ತ! ಇಬ್ಬರದೂ ಒಂದೇ ಗುಂಪು, ಹೆಚ್ಚುಕಡಿಮೆ ಒಂದೇ ವಯಸ್ಸು. ಕಾಯಿಲೆಯ ಬೇರು ಬೊಜ್ಜು ಎಂಬುದು ಅವನ ಪ್ರಬಂಧದ ಮೊದಲ ವಾಕ್ಯ. ಅವನ ಮೈಯೋ, ಸೊಳ್ಳೆ ಕಚ್ಚಿದರೆ ನೇರ ಮೂಳೆಗೇ ತಗಲುವಷ್ಟು ಬಡಕಲು. ಇದ್ದ ಚೂರುಪಾರು ಮಾಂಸವನ್ನೂ ಈ ಹೆದರಿಕೆ ತಿಂದುಹಾಕಿ, ಬೆಲ್ಟಿಗೆ ಹೊಸ ತೂತು ಕೊರೆಯಬೇಕಾಗಿತ್ತು. ಬಾಯಿ ಸದಾ ಒಣಗುತ್ತಿತ್ತು.

"ಏನ್ರೀ ಇದು, ಕುಡಿಯೋದು ಒಂಟೆ ಥರ, ಬಚ್ಚಲಿಗೆ ಓಡೋದು ಎಳೆಮಗು ಥರ," ಎಂದಳು ಹೆಂಡತಿ. "ಯಾರಿಗಾದ್ರೂ ತೋರಿಸ್ಕೊಳ್ಳಿ."

"ನಾನೇ ಡಾಕ್ಟರು ಕಣೇ. ಟೆನ್ಷನ್ ಅಷ್ಟೆ."

ಪರೀಕ್ಷೆಯ ದಿನ ಬೆಳಿಗ್ಗೆ ಕಚೇರಿಯ ಶೌಚಾಲಯದಲ್ಲಿ ಟೈಯನ್ನೇ ತೋಳಿಗೆ ಬಿಗಿದು ರಕ್ತ ತೆಗೆದುಕೊಂಡ. ನಳಿಕೆಯನ್ನು ಕೋಟಿನ ಒಳಜೇಬಿನಲ್ಲಿ, ಎದೆಗೆ ಒತ್ತಿ ಇಟ್ಟುಕೊಂಡ. ಆಗಷ್ಟೇ ತೆಗೆದ ರಕ್ತ ಮುಟ್ಟಿದರೆ ಬೆಚ್ಚಗಿರಬೇಕಲ್ಲ! ಇಂಥ ಸೂಕ್ಷ್ಮ ಇನ್ನಾವ ಕಳ್ಳನಿಗೆ ಹೊಳೆದೀತು?

ವೈದ್ಯೆ ಪ್ರಯೋಗಾಲಯಕ್ಕೆ ಬಂದಳು. ಬೇಕರಿಯವನು ತೋಳು ಮಡಚಿ ಕೂತ. "ಸೂಜಿ ಕಂಡ್ರೆ ಈಗ್ಲೂ ಜೀವ ಹೋಗತ್ತೆ ಮೇಡಂ," ಎಂದ. ಅವಳು ರಕ್ತ ತೆಗೆದು, ನಳಿಕೆಗೆ ಅಂಟಿಸುವ ಚೀಟಿಗೆ ಸಹಿ ಹಾಕಿ, ಎರಡನ್ನೂ ಯಂತ್ರಕ್ಕಿಡಲು ಸಂಶೋಧಕನ ಕೈಗೆ ಕೊಟ್ಟಳು. ಅವನು ಯಂತ್ರದ ಕಡೆ ತಿರುಗಿದ. ಒಂದು ನಳಿಕೆ ಒಳಜೇಬಿಗೆ, ಇನ್ನೊಂದು ಅಲ್ಲಿಂದ ಆಚೆಗೆ, ಅದರ ಮೇಲೆ ಚೀಟಿ. ಬೆನ್ನ ಹಿಂದೆ ಏನೋ ಸಣ್ಣಗೆ 'ಟಿಂಕ್' ಎಂದಿತು. ಯಾರದೋ ಫೋನಿರಬೇಕು. ಯಂತ್ರ ಗುಂಯ್‌ಗುಟ್ಟತೊಡಗಿತು.

"ಬೇಕರಿಯಲ್ಲಿದ್ದೂ ಸಿಹಿ ತಿನ್ನಲ್ವಾ?" ವೈದ್ಯೆ ಕೆಣಕಿದಳು.

"ರುಚಿ ನೋಡ್ಲೇಬೇಕಲ್ಲ ಮೇಡಂ. ನಾಲಿಗೆ ಮೇಲಿಟ್ಕೋತೀನಿ, ಉಗೀತೀನಿ. ಅದಕ್ಕಂತಲೇ ಕೌಂಟರ್ ಕೆಳಗೆ ಡಬ್ಬ ಇಟ್ಟಿದೀನಿ. ಸಾರ್ ಉಳಿಸಿದ ಜೀವ ಇದು, ಅವರ ಮಾನ ಕಳೀತೀನಾ?"

ಸಂಶೋಧಕನಿಗೆ ನೆಲವೇ ಜಾರಿದಂತಾಯಿತು. ಇಷ್ಟೆಲ್ಲ ಮಾಡುವ ಅಗತ್ಯವೇ ಇರಲಿಲ್ಲ! ಆದರೇನು, ಅದೂ ಒಳ್ಳೆಯ ರಕ್ತ, ಇದೂ ಒಳ್ಳೆಯ ರಕ್ತ. ಮೇಜಿನ ಮೇಲಿದ್ದ ನೀರಿನ ಬಾಟಲಿಯೆತ್ತಿ ಒಂದೇ ಗುಟುಕಿಗೆ ಖಾಲಿ ಮಾಡಿದ. ಎಷ್ಟೋ ದಿನಗಳ ಮೇಲೆ ನಗು ಬಂತು.

ಯಂತ್ರ ಫಲಿತಾಂಶದ ಕಾಗದ ಹೊರಹಾಕಿತು. ವೈದ್ಯೆ ಓದಿದಳು, ಹುಬ್ಬು ಗಂಟಿಕ್ಕಿ ಮತ್ತೆ ಓದಿದಳು. ಸಕ್ಕರೆ ಮಾಮೂಲಿಗಿಂತ ನಾಲ್ಕು ಪಟ್ಟು. ಅವಳು ಕೋಟಿನ ಜೇಬಿನಿಂದ ಸಕ್ಕರೆ ನೋಡುವ ಸಣ್ಣ ಮೀಟರ್ ತೆಗೆದು ಮೇಜಿನ ಮೇಲಿಟ್ಟಳು. "ಸೂಜಿ ಚುಚ್ಚಿದ ಕಡೆ ಉಳಿದಿದ್ದ ಹನಿಯನ್ನ ಆಗ್ಲೇ ಇದರಲ್ಲಿ ನೋಡಿದ್ದೆ, ಟಿಂಕ್ ಅಂತಲ್ಲ, ಅದೇ. ಇವರ ಸಕ್ಕರೆ ಸರಿಯಾಗೇ ಇದೆ. ಈ ನಳಿಕೆಯದು ಇವರ ರಕ್ತ ಅಲ್ಲ." ಸಂಶೋಧಕನ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು. ಕೈ ತಾನಾಗಿ ಬಾಟಲಿಯನ್ನು ಮತ್ತೆ ಬಾಯಿಗೆ ಬಗ್ಗಿಸಿತು, ಒಂದು ತೊಟ್ಟೂ ಬೀಳಲಿಲ್ಲ. ವೈದ್ಯೆ ಆ ಬಾಟಲಿಯನ್ನು ನೋಡಿದಳು. ಬೆಲ್ಟಿನ ಹೊಸ ತೂತನ್ನು ನೋಡಿದಳು. ಅವನ ಕೋಟಿನ ತೋಳಿನಾಚೆ ಇಣುಕಿದ್ದ ಅಂಗಿಯ ತುದಿಯಲ್ಲಿ ಒಣಗಿದ್ದ ರಕ್ತದ ಚುಕ್ಕೆಯನ್ನೂ ನೋಡಿದಳು. ಆಮೇಲೆ, ರೋಗಿಯನ್ನು ಕೇಳುವ ಮೆತ್ತನೆ ದನಿಯಲ್ಲಿ ಕೇಳಿದಳು: "ಸರ್, ಎಷ್ಟು ದಿನದಿಂದ ಈ ಥರ ಬಾಯಾರಿಕೆ?"