ಐದನೆಯ ಸ್ಪೀಕರ್

"ನಿಮಗೆ ಕಿವಿ ಕೇಳಿಸುತ್ತೋ, ಇಲ್ವೋ?"

ನೆಲಮಾಳಿಗೆಯ ರಿಪೇರಿ ಅಂಗಡಿಯ ಮೆಟ್ಟಿಲುಗಳನ್ನು ಏದುಸಿರು ಬಿಡುತ್ತಾ ಇಳಿದವಳು, ಎರಡೂ ಕೈಯಲ್ಲಿ ಅವುಚಿಕೊಂಡಿದ್ದ ಗಿಟಾರ್ ಆಂಪ್ಲಿಫೈಯರನ್ನು ಮೇಜಿನ ಮೇಲೆ ಧೊಪ್ಪೆಂದು ಇಟ್ಟು ಕೇಳಿದ ಮೊದಲ ಮಾತು ಅದು.

ಬೆಸುಗೆ ಹಾಕುತ್ತಿದ್ದವನು ತಲೆಯೆತ್ತಿದ. ಮೂವತ್ತೈದರ ಆಸುಪಾಸು. ಹಣೆಗೆ ಏರಿಸಿದ ಕನ್ನಡಕ, ತೋಳಿನವರೆಗೆ ಮಡಚಿದ ಬೂದು ಶರ್ಟು.

"ಕೇಳಿಸುತ್ತೆ. ಏನಾಯ್ತು ಹೇಳಿ."

"ಏನಾಯ್ತು ಅಂತ ನನ್ನನ್ನ ಕೇಳ್ತೀರಲ್ಲ! ಹದಿನೈದು ದಿನದ ಹಿಂದೆ ನಮ್ಮಕ್ಕ ತಂದುಕೊಟ್ಟಿದ್ದಳು. ಹರಿದ ಸ್ಪೀಕರ್ ತೆಗೆದು ಹೊಸದು ಹಾಕಿದ್ರಿ. ಬಾರಿಸಿದ್ರೆ ಕಂಬಳಿ ಹೊದ್ದು ಮಾತಾಡಿದ ಹಾಗಿದೆ. ಇದು ನನ್ನ ಆಂಪ್ಲಿಫೈಯರೇ ಅಲ್ಲ!"

ಅವಳು ಸಂಗೀತ ಶಾಲೆಯೊಂದರಲ್ಲಿ ಗಿಟಾರ್ ಕಲಿಸುತ್ತಿದ್ದಳು. ಮಕ್ಕಳಿಗೂ ಅವರ ಅಪ್ಪ ಅಮ್ಮಂದಿರಿಗೂ ಅವಳು ಟೀಚರ್. ಹಳೆಯ ಕಾಲದ ಮಾದರಿಯಲ್ಲಿ, ಗಾಜಿನ ವಾಲ್ವುಗಳನ್ನು ಹಾಕಿ ಮಾಡಿದ ಆ ಪೆಟ್ಟಿಗೆ ಹನ್ನೊಂದು ವರ್ಷಗಳಿಂದ ಅವಳ ಜೊತೆಗಿತ್ತು. ಶಾಲೆಯ ಕಾರ್ಯಕ್ರಮದ ದಿನ ವೇದಿಕೆಯಲ್ಲಿ ಕಬ್ಬಿಣದ ಸ್ಟ್ಯಾಂಡೊಂದು ಉರುಳಿ, ಸ್ಪೀಕರಿನ ಕಾಗದದ ಕೋನಿಗೆ ನೆಟ್ಟಗೆ ಚುಚ್ಚಿತ್ತು. ಅಂದಿನಿಂದ ಅವಳಿಗೆ ಸರಿಯಾಗಿ ಊಟ ಸೇರಿರಲಿಲ್ಲ.

ರಿಪೇರಿಯವನು ಸಿಟ್ಟಾಗಲಿಲ್ಲ. ಸ್ಟೂಲ್ ಒಂದನ್ನು ಎಳೆದು ಹಾಕಿ, ಗೋಡೆಗೆ ಒರಗಿಸಿಟ್ಟಿದ್ದ ಗಿಟಾರನ್ನು ಅವಳ ಕೈಗೆ ಕೊಟ್ಟ.

"ಬಾರಿಸಿ. ನಾನೂ ಕೇಳ್ತೀನಿ."

ಅವಳು ಸ್ಟೂಲನ್ನು ಗೋಡೆಯ ಕಡೆಗೆ ಒಂದಿಷ್ಟು ಓರೆ ಮಾಡಿಕೊಂಡು ಕೂತಳು. ಬಾರಿಸತೊಡಗಿದಳು. ಅವನು ಕಣ್ಣು ಮುಚ್ಚಿ ನಿಂತ. ಮೇಲಿನ ಅಂತಸ್ತಿನ ಮುದ್ರಣ ಯಂತ್ರದ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಬಾರಿಸುತ್ತಲೇ ಅವಳು ಅವನ ಮುಖ ನೋಡಿದಳು...

ಮಕ್ಕಳ ಅಪ್ಪ ಅಮ್ಮಂದಿರು ಅವಳು ನುಡಿಸುವಾಗ ಗಡಿಯಾರ ನೋಡುತ್ತಿದ್ದರು. ಅಕ್ಕ ತರಕಾರಿ ಹೆಚ್ಚುತ್ತಿದ್ದಳು. ಹೀಗೆ ಉಸಿರು ಹಿಡಿದು ಅವಳು ನುಡಿಸುವುದನ್ನು ಯಾರೂ ಕೇಳಿರಲಿಲ್ಲ.

"ನೀವು ಹೇಳಿದ್ದು ಸರಿ. ಸ್ವಲ್ಪ ಮಂಕಾಗಿದೆ," ಎಂದ ಅವನು. "ಬೇರೆ ಹಾಕಿ ನೋಡೋಣ. ಮುಂದಿನ ಬುಧವಾರ ಬರ್ತೀರಾ?"

ಜಗಳವಾಡಲು ಬಂದವಳ ಬಾಯಲ್ಲಿ ಜಗಳವೇ ಉಳಿಯಲಿಲ್ಲ.

ಹೀಗೆ ಬುಧವಾರಗಳು ಶುರುವಾದವು.

ಎರಡನೆಯ ಸ್ಪೀಕರ್ ಬಂತು. ಅದರ ದನಿ ಮೂಗಿನಲ್ಲಿ ಮಾತಾಡಿದ ಹಾಗೆ ಎಂದಳು. ಮೂರನೆಯದು ಬಂತು. ಕೆಳಗಿನ ಸ್ವರ ಚೆನ್ನಾಗಿದೆ, ಮೇಲಿನದರ ತುದಿಯಿಲ್ಲ ಎಂದಳು.

"ಓಮ್ಸ್ ಹೊಂದಬೇಕು, ವ್ಯಾಟ್ಸ್ ತಡೀಬೇಕು. ಅಷ್ಟನ್ನ ಪುಸ್ತಕ ನೋಡಿ ಹೇಳಬಹುದು," ಎನ್ನುತ್ತಿದ್ದ ಅವನು, ಸ್ಕ್ರೂ ಬಿಚ್ಚುತ್ತಾ. "ಆಮೇಲಿಂದು ಪೂರ್ತಿ ಕಿವಿ ಕೆಲಸ. ಹೆಣ್ಣು ನೋಡೋಕೆ ಹೋದ ಹಾಗೆ. ಎಲ್ಲ ಹೊಂದುತ್ತೆ, ಆದ್ರೂ ಮನಸ್ಸು ಒಪ್ಪಲ್ಲ."

"ಎಷ್ಟು ಹೆಣ್ಣು ನೋಡಿದ್ದೀರಿ?"

"ಒಂದೇ. ಅವಳ ಮನಸ್ಸು ಒಪ್ಪಲಿಲ್ಲ."

ಅವಳು ಪಕಪಕನೆ ನಕ್ಕಳು. ಎಷ್ಟು ದಿನವಾಗಿತ್ತು ಹಾಗೆ ನಕ್ಕು! ಅವನೂ ನಕ್ಕ. ಟೀ ಕುದಿಸಿ ಎರಡು ಲೋಟಕ್ಕೆ ಬಗ್ಗಿಸಿದ. ಸ್ವಲ್ಪ ಹೊತ್ತಾದ ಮೇಲೆ ಹೇಳಿದ: "ಟೀಚರ್... ನಿಮ್ಮ ಫೋನ್ ಬಡ್ಕೊಳ್ತಾ ಇದೆ. ಮೂರನೇ ಸಲ."

ಎಡಗಡೆಯ ಬ್ಯಾಗಿನಲ್ಲಿದ್ದ ಫೋನನ್ನು ತೆಗೆದು ಅವಳು ತಡವರಿಸಿದಳು. "ಓ... ನಿಮ್ಮ ಮೇಲಿನ ಪ್ರೆಸ್ಸಿನ ಗಲಾಟೆ..."

ಅಂದು ಪ್ರೆಸ್ಸಿಗೆ ರಜೆಯಿತ್ತು.

ನಾಲ್ಕನೆಯ ಸ್ಪೀಕರಿಗಾಗಿ ಅವನು ಮೂರು ವಾರ ತೆಗೆದುಕೊಂಡ. ಮುಚ್ಚಿಹೋದ ನಾಟಕಶಾಲೆಯೊಂದರ ಸಾಮಾನು ರಾಶಿಯಲ್ಲಿ ಹುಡುಕಿ ತಂದನಂತೆ. ಕೂಡಿಸಿ, ವಾಲ್ವುಗಳು ಬಿಸಿಯಾಗುವವರೆಗೆ ಕೈಕಟ್ಟಿ ನಿಂತ. ಅವನ ಕಣ್ಣಲ್ಲಿ ಪರೀಕ್ಷೆಯ ಫಲಿತಾಂಶಕ್ಕೆ ಕಾಯುವ ಹುಡುಗನ ಹೊಳಪು.

ಅವಳು ಬಾರಿಸಿದಳು. ಒಂದು ಸಲ. ಇನ್ನೊಂದು ಸಲ...

'ಬರ್ತಿಲ್ಲ. ದೇವರೇ, ಇದರಲ್ಲೂ ಬರ್ತಿಲ್ಲ!'

"ಇದೂ ಅಲ್ಲ," ಎಂದಳು. "ಮೇಲಿನ ತಂತಿ ಮೀಟಿದ್ರೆ ಒಂದು ಮಿಂಚು ಬರ್ತಿತ್ತು. ಅದು ಇಲ್ಲ."

ಅವನ ಮುಖದಿಂದ ರಕ್ತವೇ ಇಳಿದುಹೋದಂತಾಯಿತು. ಬಹಳ ಹೊತ್ತು ಅವಳನ್ನೇ ನೋಡಿದ.

"ಹೌದು..." ಎಂದ ಕೊನೆಗೆ, ನೆಲ ನೋಡುತ್ತಾ. "ಇದೂ ಅಲ್ಲ. ಇನ್ನೊಂದು ಹುಡುಕೋಣ, ಟೀಚರ್."

ನನಗಾಗಿ ಇಷ್ಟು ನೊಂದುಕೊಳ್ಳುತ್ತಾನಲ್ಲ ಎಂದುಕೊಂಡು ಅವಳು ಮನೆಗೆ ಹೋದಳು. ಅಂದು ಅವಳಿಗೆ ಅವನ ಮೇಲೆ ಪ್ರೀತಿಯಾಗಿತ್ತು. ಒಳಗೊಳಗೇ ಒಪ್ಪಿಕೊಂಡಳು ಕೂಡ.

ಮುಂದಿನ ಬುಧವಾರ ಅವಳು ಬಂದಾಗ ಅಂಗಡಿ ತೆರೆದಿತ್ತು, ಅವನಿರಲಿಲ್ಲ. ಪ್ರೆಸ್ಸಿನವರಿಗೆ ಏನೋ ಕೊಡಲು ಮೇಲೆ ಹೋಗಿದ್ದ. ಆಂಪ್ಲಿಫೈಯರಿನ ಹಿಂಬದಿ ಬಿಚ್ಚಿಟ್ಟಿತ್ತು. ಅದರ ಪಕ್ಕದಲ್ಲೇ ಅವಳ ಹರಿದ ಹಳೆಯ ಸ್ಪೀಕರ್, ಬೋರಲಾಗಿ.

ಸುಮ್ಮನೆ ಅದರ ಬೆನ್ನು ಸವರಿದಳು. ಧೂಳಿನಡಿಯಲ್ಲಿ ಮಾಸಿದ ಚೀಟಿ. ಅದರ ಮೇಲೊಂದು ಮಾದರಿ ಸಂಖ್ಯೆ. ಪೆಟ್ಟಿಗೆಯೊಳಗೆ ಕೂಡಿಸಿದ್ದ ನಾಲ್ಕನೆಯ ಸ್ಪೀಕರಿನ ಬೆನ್ನಿಗೂ ಅಂಥದೇ ಚೀಟಿ.

ಅದೇ ಸಂಖ್ಯೆ. ಅದೇ ಕಂಪನಿ. ಅದೇ ವರ್ಷ.

ಅವಳು ಎರಡೂ ಚೀಟಿಗಳ ಧೂಳನ್ನು ಒರೆಸಿ ಮತ್ತೊಮ್ಮೆ ಓದಿದಳು.

ಮೆಟ್ಟಿಲಿಳಿದು ಬಂದವನು ಅವಳ ಕೈ ಎಲ್ಲಿದೆಯೆಂದು ನೋಡಿ ಅಲ್ಲೇ ನಿಂತುಬಿಟ್ಟ.

"ಇವೆರಡೂ ಒಂದೇ ಅಲ್ವಾ?"

ಅವನು ಕನ್ನಡಕ ತೆಗೆದು ಶರ್ಟಿನ ತುದಿಗೆ ಒರೆಸತೊಡಗಿದ.

"ಕೇಳ್ತಿದ್ದೀನಿ! ಒಂದೇ ತಾನೇ?"

"ಒಂದೇ. ಒಂದು ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ. ಮೀಟರ್ ಇಟ್ಟೂ ನೋಡ್ದೆ."

"ಹಾಗಾದ್ರೆ ಅವತ್ತು ಯಾಕೆ 'ಇದೂ ಅಲ್ಲ' ಅಂದ್ರಿ?"

ಅವನು ಎರಡು ಹೆಜ್ಜೆ ಹತ್ತಿರ ಬಂದ. "ಟೀಚರ್... ದೋಷ ಸ್ಪೀಕರಿನಲ್ಲಿಲ್ಲ. ನೀವು ಒಂದ್ಸಲ ಕಿವಿ ಡಾಕ್ಟರ ಹತ್ರ..."

"ಅಂದ್ರೆ ನಿಮಗೆ ಗೊತ್ತಿತ್ತು! ಗೊತ್ತಿದ್ದೂ 'ಇನ್ನೊಂದು ಹುಡುಕೋಣ' ಅಂತ ಹೇಳಿ ಕಳಿಸಿದ್ರಿ. ಕಿವುಡಿ ಅಂತ ಅಯ್ಯೋ ಪಾಪ ಅನ್ನಿಸ್ತಾ? ಇಲ್ಲಾ ಮಜಾ ಅನ್ನಿಸ್ತಾ?"

"ಹಾಗಲ್ಲ... ಹೇಳೋಕೆ ಧೈರ್ಯ ಬರಲಿಲ್ಲ."

"ನನ್ನ ಬದುಕು ನಿಂತಿರೋದೇ ಈ ಕಿವಿ ಮೇಲೆ ಕಣ್ರೀ! ನೀವು ಅದನ್ನ ಬುಧವಾರದ ಹರಟೆ ಮಾಡ್ಕೊಂಡ್ರಿ!"

ಆಂಪ್ಲಿಫೈಯರನ್ನೂ ಅಲ್ಲೇ ಬಿಟ್ಟು ಅವಳು ಹೊರಟುಹೋದಳು. ಅವನು ಹಿಂದಿನಿಂದ ಕರೆದನೋ ಇಲ್ಲವೋ... ಅವಳಿಗೆ ತಿಳಿಯಲಿಲ್ಲ.

ಕಿವಿಯ ಡಾಕ್ಟರು ಕಾಗದದ ಮೇಲೆ ಗೆರೆಯೊಂದನ್ನು ತೋರಿಸಿದರು. ಎಡಗಿವಿಯ ಗೆರೆ ಅರ್ಧಕ್ಕೇ ಕೆಳಗೆ ಜಾರಿತ್ತು. ಬಲಗಿವಿಯದು ಸ್ವಲ್ಪ ಮುಂದೆ ಹೋಗಿ, ಅದೂ ಇಳಿಯತೊಡಗಿತ್ತು.

"ಎತ್ತರದ ಸ್ವರಗಳು ಮೊದಲು ಹೋಗ್ತವೆ. ಹೋಗಿದ್ದು ವಾಪಸ್ ಬರಲ್ಲಮ್ಮ. ಉಳಿದಿರೋದನ್ನ ಕಾಪಾಡ್ಕೊಳ್ಳೋಣ."

"ಎಷ್ಟು ದಿನ ಉಳಿಯುತ್ತೆ?"

"ಅದನ್ನ ಹೇಳೋಕಾಗಲ್ಲ."

ಅವಳು ಶಾಲೆಗೆ ರಜೆ ಬರೆದು ಕಳಿಸಿದಳು. ಬಾಗಿಲು ಮುಂದೆ ಮಾಡಿಕೊಂಡು ಕೋಣೆಯಲ್ಲಿ ಬಿದ್ದುಕೊಂಡಳು. ಹೊರಗೆ ಮೋಡ ಕವಿದ ದಿನಗಳು ಒಂದರ ಹಿಂದೊಂದು ಬಂದವು, ಹೋದವು. ಗಿಟಾರಿನ ಮೇಲೆ ಅಕ್ಕನ ಹಳೆಯ ಶಾಲು ಬಿದ್ದಿತ್ತು. ಅದನ್ನು ಅವಳೇ ಹೊದಿಸಿದ್ದಳು.

ಹತ್ತನೆಯ ದಿನ ಅಕ್ಕ ಔಷಧಿ ಅಂಗಡಿಯ ಕೆಲಸ ಮುಗಿಸಿ ಬಂದವಳೇ ಮಂಚದ ತುದಿಯಲ್ಲಿ ಕೂತಳು. ಅಮ್ಮ ಹೋದ ಮೇಲೆ ಅವಳನ್ನು ಬೆಳೆಸಿದ್ದು ಈ ಅಕ್ಕನೇ.

"ಪುಟ್ಟಿ, ಒಂದು ಮಾತು ಕೇಳ್ತೀನಿ, ಬೈಬೇಡ. ನಿಂಗೆ ಇದು ಯಾವಾಗಿಂದ ಗೊತ್ತು?"

"ಡಾಕ್ಟರ್ ಹೇಳಿದ ಮೇಲೆ."

"ಹೌದಾ? ಎರಡು ವರ್ಷದಿಂದ ಊಟಕ್ಕೆ ಕೂತ್ರೆ ನನ್ನ ಎಡಗಡೆನೇ ಕೂರ್ತೀಯ. ಟಿ.ವಿ. ದನಿ ನೀನು ಏರಿಸ್ತೀಯ, ನಾನು ಇಳಿಸ್ತೀನಿ. ನಾನಂತೂ ನನ್ನ ಮಾತು ಕೇಳೋಕೆ ಬೇಜಾರಾಗಿ ಹಂಗೆ ಆಡ್ತೀಯ ಅಂದ್ಕೊಂಡಿದ್ದೆ."

ಅವಳ ಕಣ್ಣೀರು ಇಳಿದು ಕಿವಿಯ ಕಡೆಗೇ ಹರಿಯಿತು.

ಗೊತ್ತಿತ್ತು. ಗಿಟಾರಿನ ಶ್ರುತಿಯನ್ನು ಕಿವಿಯಿಂದ ಮಾಡುವುದನ್ನು ಬಿಟ್ಟು, ಯಂತ್ರದ ಮುಳ್ಳು ನೋಡಿ ಮಾಡತೊಡಗಿ ವರ್ಷವಾಗಿತ್ತು. ಮಕ್ಕಳು ಏನಾದರೂ ಕೇಳಿದರೆ "ಇನ್ನೊಂದ್ಸಲ ಜೋರಾಗಿ ಹೇಳು, ಸಂಕೋಚ ಯಾಕೆ" ಎಂದು ಗದರುತ್ತಿದ್ದಳು. ಸ್ಪೀಕರ್ ಹರಿದ ದಿನ ಅವಳು ಅತ್ತದ್ದು ನಿಜ. ಆದರೆ ಆ ಅಳುವಿನ ಅಡಿಯಲ್ಲಿ ಒಂದು ಸಣ್ಣ ನೆಮ್ಮದಿಯೂ ಇತ್ತು... ಸದ್ಯ, ತಪ್ಪು ಸ್ಪೀಕರಿನದು!

ಸುಳ್ಳು ಹೇಳಿದ್ದು ಅವನೊಬ್ಬನೇ ಅಲ್ಲ. ಅವನು ಹೇಳಿದ್ದು ಒಂದು ವಾರ. ಅವಳು ಹೇಳಿಕೊಂಡದ್ದು ಎರಡು ವರ್ಷ.

"ಅಕ್ಕಾ... ನನ್ನ ಆಂಪ್ಲಿಫೈಯರ್ ಅಲ್ಲೇ ಇದೆ."

"ಇರಲಿ ಬಿಡು. ಅದೇನು ಕಾಲು ಬಂದು ಓಡಿ ಹೋಗುತ್ತಾ?" ಅಕ್ಕ ಅವಳ ಕೂದಲು ಸರಿಪಡಿಸಿದಳು. "ಆ ರಿಪೇರಿ ಅಂಗಡಿಯವನು ದಿನಾ ನಮ್ಮ ಮೆಡಿಕಲ್ಸಿಗೆ ಬಂದು ತಲೆನೋವಿನ ಮಾತ್ರೆ ಕೇಳ್ತಾನೆ. ತಲೆನೋವು ಯಾರಿಗೆ ಅಂದ್ರೆ ಬಾಯಿ ಬಿಡಲ್ಲ. 'ಟೀಚರ್ ಹೇಗಿದ್ದಾರೆ' ಅಂತಾನೆ. ಹತ್ತು ಪಟ್ಟಿ ಮಾತ್ರೆ ಆಯ್ತು ಕಣೇ! ಅವನ ಹೊಟ್ಟೆ ಗತಿಯೇನು?"

ಅಳುವಿನ ನಡುವೆಯೇ ಅವಳಿಗೆ ನಗು ಉಕ್ಕಿತು.

ಮಾರನೆಯ ದಿನ ಮಧ್ಯಾಹ್ನ ಅವಳು ನೆಲಮಾಳಿಗೆಗೆ ಇಳಿದಳು. ಅವನು ಎದ್ದು ನಿಂತ. ಗಡ್ಡ ಬೆಳೆದಿತ್ತು, ಕಣ್ಣು ಗುಳಿಬಿದ್ದಿತ್ತು.

"ಪೆಟ್ಟಿಗೆ ತಗೊಂಡು ಹೋಗೋಕೆ ಬಂದ್ರಾ?"

"ಸ್ಪೀಕರ್ ಆರಿಸೋಕೆ ಬಂದೆ."

ಅವನು ಪಿಳಿಪಿಳಿ ನೋಡಿದ.

"ಹೋದ ದನಿ ಹೋಯ್ತು," ಎಂದಳು ಅವಳು. ಆ ಮಾತನ್ನು ಮನೆಯಲ್ಲಿ ಎಷ್ಟೋ ಸಲ ಹೇಳಿ ಅಭ್ಯಾಸ ಮಾಡಿಕೊಂಡಿದ್ದಳು. "ಅದನ್ನ ಹುಡುಕೋದು ಬೇಡ. ನನಗೆ ಈಗ ಏನು ಕೇಳಿಸುತ್ತೋ, ಅದು ಚೆನ್ನಾಗಿ ಕೇಳೋ ಹಾಗಿರೋದು ಬೇಕು. ನೀವು ಏನೂ ಹೇಳಬೇಡಿ. ಬಾರಿಸಿ, ಸಾಕು."

ಅವನು ಒಂದೊಂದೇ ಸ್ಪೀಕರನ್ನು ಜೋಡಿಸಿ ಬಾರಿಸಿದ. ಅವಳು ಬಲಗಿವಿಯನ್ನು ಕೊಟ್ಟು ಕೂತಳು. ಒಂದು ತೀರ ಚೂಪು, ಕಿವಿಗೆ ಸೂಜಿ ಚುಚ್ಚಿದ ಹಾಗೆ. ಇನ್ನೊಂದು ಮಬ್ಬು. ಅವಳಿಗೆ ಬಹಳ ಪ್ರಿಯವಾಗಿದ್ದ ಆ ಹಳೆಯ ಮಾದರಿಯ ನಾಲ್ಕನೆಯದು ದೂರದ ಕೋಣೆಯಿಂದ ಯಾರೋ ಕರೆದಂತೆ ಕೇಳಿಸಿತು. ಅದನ್ನು ಪಕ್ಕಕ್ಕಿಡಲು ಅವಳೇ ಹೇಳಿದಳು.

ಕೊನೆಗೆ, ಕಪಾಟಿನ ಮೂಲೆಯಲ್ಲಿದ್ದ ಐದನೆಯದು. ಅವನು ಅದನ್ನು ಯಾರಿಗೂ ತೋರಿಸಿರಲಿಲ್ಲ. ಮಿಂಚಿಲ್ಲ, ಗುಡುಗಿಲ್ಲ, ನಡುವಿನ ಸ್ವರಗಳಷ್ಟೇ ಎದ್ದು ಕಾಣುವ ಸ್ಪೀಕರ್.

ಅವನು ಮೀಟಿದ. ಪ್ರತಿ ಸ್ವರವೂ ಬಂತು. ಸಾದಾ ದನಿ. ಆದರೆ ಒಂದೂ ತಪ್ಪಿಸಿಕೊಳ್ಳಲಿಲ್ಲ. ಮನುಷ್ಯ ಎದುರು ಕೂತು ಮಾತಾಡಿದ ಹಾಗೆ.

"ಇದು," ಎಂದಳು. "ಇದು ಸಾಕು."

ಗಿಟಾರ್ ಕೈಗೆತ್ತಿಕೊಂಡು ನುಡಿಸಿದಳು. ಅಳುತ್ತಲೇ ನುಡಿಸಿದಳು. ಅದು ಮೊದಲಿನಂತಿರಲಿಲ್ಲ, ಇನ್ನು ಮೊದಲಿನಂತಾಗುವುದೂ ಇಲ್ಲ. ಆದರೂ ಅವಳ ಕೈಗಳು ನಿಲ್ಲಲಿಲ್ಲ.

ಅವನು ಅವಳ ಎಡಗಡೆ ಬಗ್ಗಿ ಸ್ಪೀಕರಿನ ಸ್ಕ್ರೂ ಬಿಗಿಸುತ್ತಾ ಮೆಲ್ಲಗೆ ಏನೋ ಅಂದ. ಅವಳಿಗೆ ಕಂಡದ್ದು ತುಟಿಗಳ ಅಲುಗಾಟ ಮಾತ್ರ.

"ಏನಂದ್ರಿ?"

"ಏನಿಲ್ಲ... ಸ್ಕ್ರೂ ಸಡಿಲ ಇದೆ ಅಂದೆ."

"ಮತ್ತೆ ಸುಳ್ಳು?"

ಅವನ ಕೈ ನಿಂತಿತು. ಸ್ಕ್ರೂ ಡ್ರೈವರ್ ಕೆಳಗಿಟ್ಟ. ಎದ್ದು ಮೇಜನ್ನು ಬಳಸಿ ಅವಳ ಬಲಗಡೆ ಬಂದು, ನೆಲದ ಮೇಲೇ ಕೂತ.

"ಅವತ್ತು ನಿಜ ಹೇಳಿಬಿಟ್ಟಿದ್ರೆ ನೀವು ಮತ್ತೆ ಬರ್ತಿರಲಿಲ್ಲ. ನಿಮಗೆ ನೋವಾಗುತ್ತೆ ಅನ್ನೋದು ಅರ್ಧ ಕಾರಣ. ಇನ್ನರ್ಧ ನನ್ನ ಸ್ವಾರ್ಥ. ಬುಧವಾರ ಬಿಟ್ರೆ ನನ್ನ ವಾರದಲ್ಲಿ ಬೇರೆ ದಿನವೇ ಇರಲಿಲ್ಲ. ತಪ್ಪಾಯ್ತು. ಇನ್ಮೇಲೆ ಕೆಟ್ಟ ಸುದ್ದಿ ಇದ್ರೂ ಮೊದಲು ನಿಂಗೇ ಹೇಳ್ತೀನಿ."

'ನಿಂಗೇ' ಎಂದದ್ದು ಅವನ ಅರಿವಿಗೆ ಬರಲಿಲ್ಲ. ಅವಳ ಅರಿವಿಗೆ ಬಂತು.

"ಸ್ಕ್ರೂ ಬಿಗಿಸ್ತಾ ಅಂದಿದ್ದೇನು? ಅದನ್ನ ಹೇಳು."

"ನೀನಂದ್ರೆ ನಂಗೆ ಪ್ರಾಣ ಅಂದೆ."

ಅವಳು ಗಿಟಾರನ್ನು ಮಡಿಲಲ್ಲಿ ಮಲಗಿಸಿದಳು.

"ಈ ಕಿವೀನೂ ಒಂದಿನ ಹೋಗಬಹುದಂತೆ."

"ಗೊತ್ತು."

"ಆಗ ಹೇಗೆ ಹೇಳ್ತೀಯ?"

"ಎದುರಿಗೆ ಕೂತು ಹೇಳ್ತೀನಿ."

"ನಂಗೆ ಕೇಳಿಸಲ್ವಲ್ಲೋ..."

"ನೋಡ್ತೀಯಲ್ಲ," ಎಂದ ಅವನು.