ವಾಪಸ್ ಬಾರದ ಒಂಬತ್ತು ಸೀಸೆಗಳು

ಫೆಬ್ರುವರಿ 28, ಬೆಳಿಗ್ಗೆ 10.20. ಒಂಬತ್ತು ಇಂಜೆಕ್ಷನ್ ಸೀಸೆಗಳ ಲೆಕ್ಕ ಸಿಗುತ್ತಿಲ್ಲವೆಂದು ಆಸ್ಪತ್ರೆಯ ಔಷಧ ಉಗ್ರಾಣದ ಮೇಲ್ವಿಚಾರಕಿ ಠಾಣೆಗೆ ದೂರು ತಂದರು. ಬಳಸಿದ ಮೇಲೆ ಖಾಲಿ ಸೀಸೆಯನ್ನು ಉಗ್ರಾಣಕ್ಕೆ ಹಿಂದಿರುಗಿಸುವುದು ಅಲ್ಲಿಯ ಪದ್ಧತಿ. ಆ ತಿಂಗಳು ಒಂಬತ್ತು ಖಾಲಿಗಳು ಬಂದಿರಲಿಲ್ಲ.

“ಮುಂದಿನ ತಿಂಗಳು ನನ್ನ ನಿವೃತ್ತಿ. ನಾನೇ ಮಾರಿಕೊಂಡೆ ಅಂತಾರೆ ಮೇಲಿನವರು. ಕಳ್ಳಿ ಅನ್ನಿಸಿಕೊಂಡು ಮನೆಗೆ ಹೋಗಲಾ, ಸರ್?”

ಇನ್ಸ್‌ಪೆಕ್ಟರ್ ಎಫ್‌ಐಆರ್ ದಾಖಲಿಸಿ, 11.30ರೊಳಗೆ ಉಗ್ರಾಣದ ಪಂಚನಾಮೆ ಮುಗಿಸಿದರು. ಬೀಗ ಭದ್ರವಾಗಿತ್ತು. ಇಂಜೆಕ್ಷನ್ ಕೇಳಿ ವಾರ್ಡಿನಿಂದ ಬಂದ ಒಂಬತ್ತು ಚೀಟಿಗಳಲ್ಲಿ ವೈದ್ಯರ ಸಹಿ ನಕಲಿಯಾಗಿತ್ತು. ತಾರೀಕುಗಳು ಹನ್ನೊಂದರಿಂದ ಇಪ್ಪತ್ತೇಳರವರೆಗೆ, ದಿನ ಬಿಟ್ಟು ದಿನ.

“ಭಾರಿ ಶಿಸ್ತಿನ ಕಳ್ಳ, ಸರ್. ನಮ್ಮ ಠಾಣೆಗೆ ಇಂಥೋನು ಬೇಕಿತ್ತು,” ಎಂದ ಹೆಡ್ ಕಾನ್‌ಸ್ಟೇಬಲ್.

“ಮಾರೋನು ದಿನ ಎಣಿಸಲ್ಲ ಕಣಯ್ಯಾ. ಇವನು ಯಾರಿಗೋ ಚಿಕಿತ್ಸೆ ಮಾಡ್ತಿದ್ದಾನೆ.”

ಆಸ್ಪತ್ರೆಯ ಹಿರಿಯ ವೈದ್ಯರು ಹೌದೆಂದರು; ದಿನ ಬಿಟ್ಟು ದಿನ ಕೊಡುವುದೇ ಆ ಇಂಜೆಕ್ಷನ್ನಿನ ಕ್ರಮ. ಅದು ಬಿ12 ಜೀವಸತ್ವ. ರಕ್ತಕಣ ಬೆಳೆಯಲು, ನರಗಳ ಹೊದಿಕೆ ಉಳಿಯಲು ಬೇಕಾದದ್ದು. ತೀರಾ ಕಡಿಮೆಯಾದರೆ ಕಾಲು ಜೋಮು ಹಿಡಿಯುತ್ತದೆ, ನಡಿಗೆ ತಪ್ಪುತ್ತದೆ, ಮರೆವು ಕವಿಯುತ್ತದೆ.

ಆ ಒಂಬತ್ತೂ ದಿನ ವಾರ್ಡಿನಲ್ಲಿ ಹಾಜರಿದ್ದವನು, ಗಾಯಕ್ಕೆ ಪಟ್ಟಿ ಕಟ್ಟುವ ಡ್ರೆಸ್ಸರ್ ಒಬ್ಬನೇ. 12.40ಕ್ಕೆ ಅವನ ಮನೆಯ ಬಾಗಿಲನ್ನು ತಾಯಿ ತೆರೆದಳು, ಗೋಡೆಗೆ ಒಂದು ಕೈ ಊರಿಕೊಂಡು. ಹಿಂದೆ ಅವನೂ ಇದ್ದ. ಕಪಾಟಿನ ಡಬ್ಬಿಯಲ್ಲಿ ತೊಳೆದಿಟ್ಟ ಒಂಬತ್ತು ಖಾಲಿ ಸೀಸೆಗಳಿದ್ದವು. ಪ್ರತಿಯೊಂದಕ್ಕೂ ತಾರೀಕು ಅಂಟಿಸಿತ್ತು.

“ಕದ್ದೋನು ಇವನ್ನ ಯಾಕೋ ಬಿಸಾಡಲಿಲ್ಲ?” ಇನ್ಸ್‌ಪೆಕ್ಟರ್ ಕೇಳಿದರು.

“ಬಿಸಾಡೋ ಹಾಗಿಲ್ಲ ಸರ್. ವಾಪಸ್ ಕೊಡಬೇಕು.”

ಹೆಡ್ ಕಾನ್‌ಸ್ಟೇಬಲ್ ನಗು ನುಂಗಿಕೊಂಡ.

“ಅಮ್ಮನ್ನ ಡಾಕ್ಟರಿಗೆ ತೋರಿಸಿದ್ದೆಯಾ?”

“ತೋರಿಸಿದೆ. ವಯಸ್ಸಾಯ್ತು ಅಂತ ಕಳಿಸಿಬಿಟ್ಟರು, ರಕ್ತಾನೂ ನೋಡಲಿಲ್ಲ. ಹೀಗೇ ಇದ್ದ ಒಬ್ಬರು ವಾರ್ಡಲ್ಲಿ ಇದರಿಂದ ಎದ್ದು ಓಡಾಡಿದ್ದನ್ನ ಕಣ್ಣಾರೆ ಕಂಡಿದ್ದೆ. ಅಮ್ಮ ನನ್ನನ್ನೇ ‘ಯಾರಪ್ಪಾ ನೀನು’ ಅಂದ ದಿನ ಮನಸ್ಸು ತಡೀಲಿಲ್ಲ.”

“ಈಗ ಗೊತ್ತು,” ತಾಯಿ ನಡುವೆ ಬಾಯಿ ಹಾಕಿದಳು. “ಇವನು ನನ್ನ ಮಗ, ನೀವು ಪೊಲೀಸರು. ಬೇಕಾದ್ರೆ ಇನ್ನೊಂದ್ಸಲ ಕೇಳಿ.”

ಇನ್ಸ್‌ಪೆಕ್ಟರ್ ಸೀಸೆಗಳನ್ನು ಜಪ್ತಿ ಮಾಡಿದರು. 1.15ಕ್ಕೆ ಬಂಧನವಾಯಿತು.

ಸಂಜೆ ಮೇಲ್ವಿಚಾರಕಿ ಠಾಣೆಗೆ ಬಂದು, “ನನ್ನ ಮರ್ಯಾದೆ ಉಳಿಸಿದಿರಿ, ಸರ್,” ಎಂದು ಇನ್ಸ್‌ಪೆಕ್ಟರಿಗೆ ಕೈ ಮುಗಿದರು. ಅನಂತರ ಲಾಕಪ್ಪಿನ ಎದುರು ನಿಂತರು.

“ನಿಮ್ಮ ಹೆಸರಿಗೆ ಮಸಿ ಬಳಿದೆ, ಅಕ್ಕಾ.”

“ಬಳಿದೆ. ಅದನ್ನ ಮನ್ನಾ ಮಾಡಲ್ಲ, ಕೋರ್ಟಲ್ಲೂ ಹೇಳ್ತೀನಿ. ನಿಮ್ಮಮ್ಮನ್ನ ಹಿರಿ ಡಾಕ್ಟರ ಹತ್ತಿರ ಕರ್ಕೊಂಡು ಹೋಗಿದ್ದೆ. ನಾಳೆಯ ಇಂಜೆಕ್ಷನ್ನಿಗೆ ಅವರೇ ಸಹಿ ಮಾಡಿದಾರೆ.”

ಇಡೀ ದಿನ ಅಳದಿದ್ದವನು ಕಂಬಿಗೆ ಹಣೆ ಹಚ್ಚಿ ಬಿಕ್ಕಿದ. “ಈ ಋಣ ಹೇಗೆ ತೀರಿಸಲಿ, ಅಕ್ಕಾ?”

“ತೀರಿಸೋ ಮಾತು ಬೇಡ. ಹಾಗೇ ಇರಲಿ,” ಎಂದು ಆಕೆ ಮೆಟ್ಟಿಲಿಳಿದರು.